ಲಂಡನ್ ಮೃಗಾಲಯದ ಹೆಸರಾಂತ ಪ್ರಾಣಿಗಳು: ಪರೀಕ್ಷೆಗೆ ಬೇಕಾದ ಮುಖ್ಯಾಂಶಗಳು

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಮೃಗಾಲಯ ಎಂದರೆ ಊರು, ಸ್ಥಾಪನೆಯ ವರ್ಷ ಬರೆದುಕೊಂಡು ಮುಂದೆ ಹೋಗುತ್ತಾರೆ. ಲಂಡನ್ ಮೃಗಾಲಯಕ್ಕೆ ಅಷ್ಟು ಸಾಲದು. ಅಲ್ಲಿ ಬಾಳಿದ ಕೆಲವು ಪ್ರಾಣಿಗಳು ವಿಜ್ಞಾನ, ಸಾಹಿತ್ಯ, ಪರಿಸರ ಮೂರೂ ವಿಷಯಗಳ ಓದಿನಲ್ಲಿ ಎದುರಾಗುತ್ತವೆ. ಪ್ರತಿ ಪ್ರಾಣಿಯ ಹೆಸರಿನ ಮುಂದೆ ಎರಡು ಸಂಗತಿ ಬರೆದುಕೊಳ್ಳಿ: ಅದು ಲಂಡನ್ನಿಗೆ ಹೇಗೆ ಬಂತು, ಅದರ ಕೊನೆ ಹೇಗಾಯಿತು. ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಏಕೆ ಬೇಕಾಯಿತು ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ಸಿಗುತ್ತದೆ.

ಮೃಗಾಲಯ

• 1826: ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಸ್ಥಾಪನೆ. ಮುಂದಾಳು ಸರ್ ಸ್ಟ್ಯಾಮ್‌ಫೋರ್ಡ್ ರ‍್ಯಾಫಲ್ಸ್. 1819ರಲ್ಲಿ ಸಿಂಗಪುರದಲ್ಲಿ ಬ್ರಿಟಿಷರ ನೆಲೆ ಸ್ಥಾಪಿಸಿದವರೂ ಇವರೇ.
• 1828: ರೀಜೆಂಟ್ಸ್ ಪಾರ್ಕ್‌ನಲ್ಲಿ ಮೃಗಾಲಯ ಆರಂಭ. ಸಾಮಾನ್ಯ ಜನರಿಗೆ ಪ್ರವೇಶ ಸಿಕ್ಕಿದ್ದು 1847ರಲ್ಲಿ. 1826, 1828, 1847 ಈ ಮೂರನ್ನೂ ಬೇರೆಬೇರೆಯಾಗಿಯೇ ನೆನಪಿಡಿ.
• 1849ರ ಸರೀಸೃಪ ಗೃಹ ಮತ್ತು 1853ರ ಸಾರ್ವಜನಿಕ ಅಕ್ವೇರಿಯಂ ಎರಡೂ ಜಗತ್ತಿನಲ್ಲಿ ಮೊದಲನೆಯವು.
• ಇಂದಿಗೂ ನಡೆಯುತ್ತಿರುವ ಮೃಗಾಲಯಗಳಲ್ಲಿ ಅತಿ ಹಳೆಯದು ಲಂಡನ್ನಿನದಲ್ಲ. ವಿಯೆನ್ನಾದ ಶೋನ್‌ಬ್ರುನ್ (1752).

ಜೆನ್ನಿ (ಒರಾಂಗುಟಾನ್)

1837ರಲ್ಲಿ ಬಂದ ಹೆಣ್ಣು. 1838ರ ಮಾರ್ಚ್‌ನಲ್ಲಿ ಚಾರ್ಲ್ಸ್ ಡಾರ್ವಿನ್ ಇವಳನ್ನು ನೋಡಿದರು. ಪಾಲಕ ಸೇಬು ತೋರಿಸಿ ಕೊಡದೆ ಸತಾಯಿಸಿದಾಗ ಜೆನ್ನಿ ಹಟಮಾರಿ ಮಗುವಿನಂತೆ ನೆಲಕ್ಕೆ ಬಿದ್ದು ಒದ್ದಾಡಿದ್ದನ್ನು ಡಾರ್ವಿನ್ ತಮ್ಮ ಸಹೋದರಿಗೆ ಪತ್ರದಲ್ಲಿ ತಿಳಿಸಿದ್ದಾರೆ. ಮನುಷ್ಯನಿಗೂ ವಾನರಗಳಿಗೂ ಇರುವ ನಂಟಿನ ಬಗ್ಗೆ ಅವರ ಯೋಚನೆ ಗಟ್ಟಿಯಾಗುತ್ತಿದ್ದ ಕಾಲ ಅದು. 'ಪ್ರಭೇದಗಳ ಉಗಮ' ಪ್ರಕಟವಾದದ್ದು 1859ರಲ್ಲಿ. ಜೆನ್ನಿ 1839ರಲ್ಲೇ ಸತ್ತಳು. ಒರಾಂಗುಟಾನ್‌ಗಳ ಕಾಡುನೆಲೆ ಇರುವುದು ಬೋರ್ನಿಯೊ, ಸುಮಾತ್ರ ದ್ವೀಪಗಳಲ್ಲಿ ಮಾತ್ರ.

ಒಬೇಶ್ (ನೀರಾನೆ)

• 1849ರಲ್ಲಿ ಬಿಳಿ ನೈಲ್ ನದಿಯ ಒಬೇಶ್ ಎಂಬ ದ್ವೀಪದಲ್ಲಿ ಮರಿಯಾಗಿದ್ದಾಗ ಸೆರೆ. ಹೆಸರು ಅಲ್ಲಿಂದಲೇ.
• ಬ್ರಿಟಿಷ್ ಬೇಟೆನಾಯಿಗಳಿಗೆ ಪ್ರತಿಯಾಗಿ ಈಜಿಪ್ಟಿನ ಆಡಳಿತಗಾರ ಅಬ್ಬಾಸ್ ಪಾಷಾ ಕೊಟ್ಟ ಪ್ರಾಣಿ. ಲಂಡನ್ ತಲುಪಿದ್ದು 1850ರ ಮೇ 25ರಂದು.
• ರೋಮನ್ನರ ಕಾಲದ ನಂತರ ಯುರೋಪ್ ಕಂಡ ಮೊದಲ ನೀರಾನೆ. ಆ ವರ್ಷ ಮೃಗಾಲಯಕ್ಕೆ ಬಂದವರ ಸಂಖ್ಯೆ ಇಮ್ಮಡಿಯಾಯಿತು.
• ಸಾವು 1878.

ಕ್ವಾಗಾ

ದಕ್ಷಿಣ ಆಫ್ರಿಕದ ಪ್ರಾಣಿ. ಬಯಲು ಜೀಬ್ರಾದ ಉಪಪ್ರಭೇದ. ಪಟ್ಟೆಗಳು ಮುಂಭಾಗದಲ್ಲಿ ಮಾತ್ರ, ಹಿಂಭಾಗ ಕಂದು. ಜೀವಂತ ಕ್ವಾಗಾದ ಫೋಟೊಗಳು ಇರುವುದು ಒಂದೇ ಒಂದು ಪ್ರಾಣಿಯದು, ಅದು ಲಂಡನ್ನಿನ ಹೆಣ್ಣು. ಅದು 1872ರಲ್ಲಿ ಸತ್ತಿತು. 1883ರ ಆಗಸ್ಟ್ 12ರಂದು ಆಮ್ಸ್‌ಟರ್‌ಡ್ಯಾಮ್ ಮೃಗಾಲಯದಲ್ಲಿ ಕೊನೆಯ ಕ್ವಾಗಾವೂ ಸತ್ತು ಸಂತತಿಯೇ ಮುಗಿಯಿತು. ಬೇಟೆಯೇ ಮುಖ್ಯ ಕಾರಣ. ಕ್ಯಾಮೆರಾದ ಮುಂದೆ ನಿಂತಿದ್ದ ಆ ಪ್ರಾಣಿಯ ಬಳಗ ಹೊರಗೆ ಅಳಿದುಹೋಗುತ್ತಿದೆ ಎಂಬುದು ಅಂದು ಯಾರ ಗಮನಕ್ಕೂ ಬರಲಿಲ್ಲ ಎನ್ನುವುದು ಈ ಪಟ್ಟಿಯ ಅತ್ಯಂತ ನೋವಿನ ಸಂಗತಿ. ಅಳಿದ ಪ್ರಾಣಿಯೊಂದರ ಡಿಎನ್‌ಎ ಮೊದಲ ಬಾರಿಗೆ ಅಧ್ಯಯನವಾದದ್ದೂ ಕ್ವಾಗಾದ್ದೇ, 1984ರಲ್ಲಿ.

ಜತೆಗೇ ಓದಿಕೊಳ್ಳಿ: ಲಂಡನ್ ಮೃಗಾಲಯದ ಕೊನೆಯ ಟ್ಯಾಸ್ಮೇನಿಯನ್ ಹುಲಿ (ಥೈಲಸೀನ್) ಸತ್ತದ್ದು 1931ರಲ್ಲಿ. ಜಗತ್ತಿನ ಕೊನೆಯದು 1936ರ ಸೆಪ್ಟೆಂಬರ್ 7ರಂದು ಆಸ್ಟ್ರೇಲಿಯದ ಹೊಬಾರ್ಟ್‌ನಲ್ಲಿ. ಇದು ಹುಲಿಯಲ್ಲ, ಹೊಟ್ಟೆಚೀಲದ ಪ್ರಾಣಿ.

ಜಂಬೊ (ಆಫ್ರಿಕದ ಆನೆ)

ಈ ಮೃಗಾಲಯದ ಯಾವ ಪ್ರಾಣಿಗೂ ಇಷ್ಟು ಹೆಸರು ಬಂದಿಲ್ಲ, ಇಷ್ಟು ಕಷ್ಟವೂ ಬಂದಿರಲಾರದು. ಸುಮಾರು 1860ರಲ್ಲಿ ಈಶಾನ್ಯ ಆಫ್ರಿಕದಲ್ಲಿ ಹುಟ್ಟಿ, ಮರಿಯಾಗಿದ್ದಾಗಲೇ ಸೆರೆಸಿಕ್ಕಿ, ಪ್ಯಾರಿಸ್‌ನ ಮೃಗಾಲಯದಲ್ಲಿ ಕೆಲಕಾಲ ಇದ್ದು, 1865ರಲ್ಲಿ ಲಂಡನ್ನಿಗೆ ಬಂತು. ಬರುವಾಗ ಸೊರಗಿ, ಕಾಯಿಲೆ ಬಿದ್ದಿತ್ತು. ಆರೈಕೆ ಮಾಡಿ ಬದುಕಿಸಿದವರು ಪಾಲಕ ಮ್ಯಾಥ್ಯೂ ಸ್ಕಾಟ್. ಮುಂದೆ ಜಂಬೊ ಅವರ ಮಾತನ್ನಲ್ಲದೆ ಬೇರೆಯವರ ಮಾತು ಕೇಳುತ್ತಿರಲಿಲ್ಲ.

ಹದಿನಾರು ವರ್ಷಕ್ಕೂ ಹೆಚ್ಚು ಕಾಲ ಮಕ್ಕಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಸುತ್ತಿದ ಆನೆ ಇದು. ವಿಕ್ಟೋರಿಯಾ ರಾಣಿಯ ಮಕ್ಕಳೂ ಅದರ ಬೆನ್ನೇರಿದ್ದರು. ಬೆಳೆದಂತೆ ರಾತ್ರಿ ಹೊತ್ತು ರೊಚ್ಚಿಗೆದ್ದು ಗೋಡೆಗೆ ಗುದ್ದಿ ದಂತ ಸವೆಸಿಕೊಂಡಿತು. ಮದವೇರಿದೆ, ಅಪಾಯ ಎಂದು ಮೃಗಾಲಯದ ಅಧೀಕ್ಷಕ ಅಬ್ರಹಾಂ ಬಾರ್ಟ್‌ಲೆಟ್ ಹೆದರಿದರು. ಎಲುಬು, ಹಲ್ಲುಗಳನ್ನು ಇತ್ತೀಚೆಗೆ ಪರೀಕ್ಷಿಸಿದ ತಜ್ಞರಿಗೆ ಕಂಡದ್ದು ಬೇರೆ: ಸರಿಯಾದ ಮೇವಿಲ್ಲದೆ ದವಡೆಹಲ್ಲು ವಿಕಾರವಾಗಿ ಬೆಳೆದಿತ್ತು. ಹಗಲೆಲ್ಲ ಸವಾರಿ, ತಿನ್ನಲು ಬನ್ನು, ರಾತ್ರಿ ನೋವು. ಪಾಪದ ಪ್ರಾಣಿಯನ್ನು ಹುಚ್ಚು ಆನೆ ಎಂದರು.

• 1882: ಅಮೆರಿಕದ ಸರ್ಕಸ್ ಮಾಲೀಕ ಪಿ. ಟಿ. ಬಾರ್ನಮ್‌ಗೆ 2,000 ಪೌಂಡ್‌ಗೆ (ಆಗಿನ 10,000 ಡಾಲರ್) ಮಾರಾಟ. ತಡೆಯಲು ಹೂಡಿದ ದಾವೆ ಬಿದ್ದುಹೋಯಿತು. ರಾಣಿಗೆ ಶಾಲಾ ಮಕ್ಕಳು ಬರೆದ ಪತ್ರಗಳೂ ಫಲ ಕೊಡಲಿಲ್ಲ.
• 1885 ಸೆಪ್ಟೆಂಬರ್ 15: ಕೆನಡಾದ ಒಂಟಾರಿಯೊ ಪ್ರಾಂತ್ಯದ ಸೇಂಟ್ ಥಾಮಸ್‌ನಲ್ಲಿ ರೈಲು ಬಡಿದು ಸಾವು.
• ಅಸ್ಥಿಪಂಜರ ನ್ಯೂಯಾರ್ಕ್‌ನ ವಸ್ತುಸಂಗ್ರಹಾಲಯಕ್ಕೆ ಹೋಯಿತು. ಚರ್ಮ ತುಂಬಿಸಿ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಇಟ್ಟದ್ದು 1975ರ ಬೆಂಕಿಯಲ್ಲಿ ಸುಟ್ಟಿತು.
• ದೊಡ್ಡದಕ್ಕೆಲ್ಲ ಜಂಬೊ ಎನ್ನುವ ರೂಢಿ ಈ ಆನೆಯಿಂದ ಹರಡಿತು. ಜಂಬೊ ಜೆಟ್ ಆಗಲಿ, ನಮ್ಮ ಅನಿಲ್ ಕುಂಬ್ಳೆಯವರ ಅಡ್ಡಹೆಸರಾಗಲಿ ಇದರ ಹಿಂದೆಯೇ ಬಂದವು.

ವಿನ್ನಿ (ಅಮೆರಿಕದ ಕಪ್ಪು ಕರಡಿ)

• 1914ರ ಆಗಸ್ಟ್ 24ರಂದು ಕೆನಡಾದ ವೈಟ್ ರಿವರ್ ರೈಲು ನಿಲ್ದಾಣದಲ್ಲಿ ಸೇನೆಯ ಪಶುವೈದ್ಯ ಹ್ಯಾರಿ ಕೋಲ್‌ಬರ್ನ್ 20 ಡಾಲರ್ ಕೊಟ್ಟು ಕೊಂಡ ಹೆಣ್ಣು ಮರಿ. ಹೆಸರು ಅವರ ಊರು ವಿನ್ನಿಪೆಗ್‌ನಿಂದ.
• ಮೊದಲ ಮಹಾಯುದ್ಧಕ್ಕೆ ಫ್ರಾನ್ಸಿಗೆ ಹೊರಟಾಗ, ಡಿಸೆಂಬರ್ 9ರಂದು, ಮೃಗಾಲಯದಲ್ಲಿ ಬಿಟ್ಟರು. ಯುದ್ಧ ಮುಗಿದ ಮೇಲೆ ಅಲ್ಲೇ ಇರಲಿ ಎಂದು ಕೊಟ್ಟರು.
• ತೀರಾ ಸಾಧು. ನೋಡಲು ಬರುತ್ತಿದ್ದ ಕ್ರಿಸ್ಟೋಫರ್ ರಾಬಿನ್ ಎಂಬ ಹುಡುಗ ತನ್ನ ಬೊಂಬೆ ಕರಡಿಗೆ ಇದರ ಹೆಸರಿಟ್ಟ. ಅವನ ತಂದೆ ಎ. ಎ. ಮಿಲ್ನ್ ಬರೆದ 'ವಿನ್ನಿ ದ ಪೂ' 1926ರಲ್ಲಿ ಬಂತು. ಕಥೆಯ ಪೂ ಗಂಡು, ನಿಜದ ವಿನ್ನಿ ಹೆಣ್ಣು.
• ಸಾವು 1934.

ಬ್ರೂಮಾಸ್ (ಹಿಮಕರಡಿ)

1949ರ ನವೆಂಬರ್‌ನಲ್ಲಿ ಜನನ. ಬ್ರಿಟನ್ನಿನ ಮೃಗಾಲಯದಲ್ಲಿ ಹುಟ್ಟಿ ಬದುಕುಳಿದು ಬೆಳೆದ ಮೊದಲ ಹಿಮಕರಡಿ ಮರಿ. ಬ್ರೂಸ್, ಸ್ಯಾಮ್ ಎಂಬ ಪಾಲಕರ ಹೆಸರು ಸೇರಿಸಿ ಇಟ್ಟ ಹೆಸರು. 1950ರಲ್ಲಿ ಮೃಗಾಲಯಕ್ಕೆ 30 ಲಕ್ಷ ಜನ ಬಂದರು, ಅದು ದಾಖಲೆ.

ಗೈ (ಗೊರಿಲ್ಲ)

ಫ್ರೆಂಚ್ ಕ್ಯಾಮರೂನ್‌ನಲ್ಲಿ ಮರಿಯಾಗಿದ್ದಾಗ ಹಿಡಿದು, ಪ್ಯಾರಿಸ್ಸಿನಿಂದ ಹುಲಿಯೊಂದರ ಬದಲಿಗೆ ತಂದದ್ದು. ಬಂದ ದಿನ 1947ರ ನವೆಂಬರ್ 5, ಬ್ರಿಟನ್ನಿನಲ್ಲಿ ಗೈ ಫಾಕ್ಸ್ ದಿನ, ಅದೇ ಹೆಸರಾಯಿತು. ಬೆಟ್ಟದಂಥ ಮೈ. ಆದರೂ ಪಂಜರಕ್ಕೆ ಬಂದ ಗುಬ್ಬಚ್ಚಿಯನ್ನು ಅಂಗೈಯಲ್ಲಿ ಎತ್ತಿಕೊಂಡು, ದಿಟ್ಟಿಸಿ ನೋಡಿ, ಹಾರಲು ಬಿಡುತ್ತಿತ್ತು. ಗೊರಿಲ್ಲ ಎಂದರೆ ಕ್ರೂರ ಮೃಗ ಎಂದುಕೊಂಡಿದ್ದ ಜನರ ಕಣ್ಣು ತೆರೆಸಿದ್ದು ಈ ನಡತೆ. ಕಾಡಿನಲ್ಲಿ ಗುಂಪಾಗಿ ಬಾಳುವ ಪ್ರಾಣಿಯನ್ನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಒಂಟಿಯಾಗಿ ಇಟ್ಟದ್ದು ಮಾತ್ರ ಒಪ್ಪತಕ್ಕದ್ದಲ್ಲ. ಲೋಮಿ ಎಂಬ ಹೆಣ್ಣು ಜೊತೆಯಾದದ್ದು 1969ರಲ್ಲಿ, ಮರಿಗಳಾಗಲಿಲ್ಲ. 1978ರಲ್ಲಿ ಹಲ್ಲಿನ ಶಸ್ತ್ರಚಿಕಿತ್ಸೆಯ ವೇಳೆ ಹೃದಯಾಘಾತದಿಂದ ಸಾವು.

ಗೋಲ್ಡಿ (ಗೋಲ್ಡನ್ ಈಗಲ್)

1965ರಲ್ಲಿ ತಪ್ಪಿಸಿಕೊಂಡು 12 ದಿನ ರೀಜೆಂಟ್ಸ್ ಪಾರ್ಕ್ ಸುತ್ತ ಹಾರಾಡಿದ ಹದ್ದು. ಸುದ್ದಿ ಸಂಸತ್ತಿನವರೆಗೂ ಹೋಯಿತು.

ಚಿ ಚಿ (ದೈತ್ಯ ಪಾಂಡಾ)

• ಚೀನಾದ ಸಿಚುವಾನ್ ಪ್ರಾಂತ್ಯದ ಹೆಣ್ಣು. ಚೀನಾದೊಂದಿಗೆ ವ್ಯಾಪಾರ ನಿಷೇಧಿಸಿದ್ದ ಅಮೆರಿಕ ಒಳಗೆ ಬಿಡಲಿಲ್ಲ. 1958ರಲ್ಲಿ ಲಂಡನ್ನಿಗೆ ಬಂದಾಗ ಮೃಗಾಲಯ 12,000 ಪೌಂಡ್ ಕೊಟ್ಟು ಕೊಂಡಿತು.
• 1961ರಲ್ಲಿ ಸ್ಥಾಪನೆಯಾದ ಡಬ್ಲ್ಯುಡಬ್ಲ್ಯುಎಫ್ ಲಾಂಛನಕ್ಕೆ ಇವಳೇ ಪ್ರೇರಣೆ. ಲಾಂಛನ ಬರೆದವರು ಸರ್ ಪೀಟರ್ ಸ್ಕಾಟ್. ಕಪ್ಪು ಬಿಳುಪಿನ ಪ್ರಾಣಿಯಾದ್ದರಿಂದ ಮುದ್ರಣದ ಖರ್ಚೂ ಕಡಿಮೆ. ಸಂಸ್ಥೆಯ ಕೇಂದ್ರ ಕಚೇರಿ ಸ್ವಿಟ್ಜರ್‌ಲೆಂಡ್‌ನ ಗ್ಲ್ಯಾಂಡ್‌ನಲ್ಲಿದೆ.
• ಮಾಸ್ಕೊದ ಆನ್ ಆನ್ ಎಂಬ ಗಂಡು ಪಾಂಡಾದ ಜೊತೆ 1966ರಲ್ಲಿ ಅಲ್ಲಿ, 1968ರಲ್ಲಿ ಇಲ್ಲಿ ಜೋಡಿ ಮಾಡಲು ನೋಡಿದರು, ಆಗಲಿಲ್ಲ.
• ಸಾವು 1972. ಐಯುಸಿಎನ್ 2016ರಲ್ಲಿ ದೈತ್ಯ ಪಾಂಡಾವನ್ನು 'ಅಳಿವಿನಂಚಿನ' ವರ್ಗದಿಂದ 'ದುರ್ಬಲ' ವರ್ಗಕ್ಕೆ ಬದಲಿಸಿತು.

ಇಂದಿನ ಕಾನೂನು

2001ರಿಂದ ಲಂಡನ್ ಮೃಗಾಲಯದಲ್ಲಿ ಆನೆಗಳಿಲ್ಲ. ಇದ್ದವನ್ನು ಅದೇ ಪ್ರಾಣಿಶಾಸ್ತ್ರ ಸಂಘದ ವಿಶಾಲವಾದ ವಿಪ್ಸ್‌ನೇಡ್ ಮೃಗಾಲಯಕ್ಕೆ ಸಾಗಿಸಲಾಯಿತು. ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದ 1973ರಲ್ಲಿ ಅಂಗೀಕಾರವಾಗಿ 1975ರಲ್ಲಿ ಜಾರಿಗೆ ಬಂತು. ಭಾರತ ಸೇರಿದ್ದು 1976ರಲ್ಲಿ. ಒರಾಂಗುಟಾನ್, ಗೊರಿಲ್ಲ, ದೈತ್ಯ ಪಾಂಡಾ ಮೂರೂ ಅದರ ಒಂದನೇ ಅನುಬಂಧದಲ್ಲಿವೆ. ಕಾಡಿನಿಂದ ಹಿಡಿದ ಈ ಪ್ರಾಣಿಗಳನ್ನು ದೇಶದಿಂದ ದೇಶಕ್ಕೆ ಮಾರುವುದು ಇಂದು ನಿಷಿದ್ಧ.