ಎಳೆಗೂಸಿನ ಚುಚ್ಚುಮದ್ದು : ಅಳತೆ ತಪ್ಪದಿರಲಿ

ನವಜಾತ ಶಿಶುವಿನ ರಕ್ತಕ್ಕೆ ರೋಗಾಣುಗಳು ಸೇರಿ ನಂಜೇರಿದಾಗ, ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಆಂಪಿಸಿಲಿನ್ ಹಾಗೂ ಜೆಂಟಾಮೈಸಿನ್ ಎಂಬ ಎರಡು ಆಂಟಿಬಯಾಟಿಕ್ ಔಷಧಗಳನ್ನು ಜೊತೆಯಾಗಿ ಕೊಡಲಾಗುತ್ತದೆ. ಜೆಂಟಾಮೈಸಿನ್ ಪ್ರಾಣರಕ್ಷಕ ಔಷಧವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಪ್ರಮಾಣ ಕಡಿಮೆಯಾದರೆ ರೋಗಾಣು ಅಳಿಯದು; ಮಿತಿಮೀರಿದರೆ ಮೂತ್ರಪಿಂಡಕ್ಕೂ ಒಳಗಿವಿಗೂ ಹಾನಿ ತಪ್ಪದು. ಮೂತ್ರಪಿಂಡವು ಬಹುಮಟ್ಟಿಗೆ ಚೇತರಿಸಿಕೊಳ್ಳಬಲ್ಲದು. ಆದರೆ ಹೀಗೆ ನಷ್ಟವಾದ ಶ್ರವಣಶಕ್ತಿ ಸಾಮಾನ್ಯವಾಗಿ ಮರಳಿ ಬರುವುದಿಲ್ಲ.

ತೂಕವೇ ಆಧಾರ

ಶಿಶುವಿನ ತೂಕವನ್ನು ಕಣ್ಣಂದಾಜಿನಿಂದ ನಿರ್ಧರಿಸಲಾಗದು, ತಕ್ಕಡಿಯಲ್ಲಿಯೇ ತೂಗಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶನದಂತೆ, ಹುಟ್ಟಿದ ಮೊದಲ ವಾರದಲ್ಲಿ ಸಾಧಾರಣ ತೂಕದ ಶಿಶುವಿಗೆ ಪ್ರತಿ ಕಿಲೋಗ್ರಾಂಗೆ 5 ಮಿಲಿಗ್ರಾಂ, ಕಡಿಮೆ ತೂಕದ ಶಿಶುವಿಗೆ 3 ಮಿಲಿಗ್ರಾಂನಂತೆ ಜೆಂಟಾಮೈಸಿನ್ನನ್ನು ದಿನಕ್ಕೆ ಒಮ್ಮೆ ಕೊಡಬೇಕು.

3 ಕಿಲೋಗ್ರಾಂ ತೂಗುವ ಶಿಶುವಿಗೆ ಬೇಕಾದುದು 15 ಮಿಲಿಗ್ರಾಂ. 2 ಮಿಲಿಲೀಟರಿನಲ್ಲಿ 20 ಮಿಲಿಗ್ರಾಂ ಇರುವ ಮಕ್ಕಳ ಸೀಸೆಯಿಂದ ಇದಕ್ಕೆ 1.5 ಮಿಲಿಲೀಟರ್ ತೆಗೆಯಬೇಕು. ಅಷ್ಟನ್ನೇ 80 ಮಿಲಿಗ್ರಾಂನ ದೊಡ್ಡವರ ಸೀಸೆಯಿಂದ ತೆಗೆದರೆ 60 ಮಿಲಿಗ್ರಾಂ, ಎಂದರೆ ನಾಲ್ಕು ಪಟ್ಟು ಔಷಧ ಮಗುವಿನ ಮೈಸೇರುತ್ತದೆ! ಆದುದರಿಂದಲೇ ಪ್ರತಿ ಬಾರಿಯೂ ಸೀಸೆಯ ಚೀಟಿಯನ್ನು ಓದಿ, ಸಾಧ್ಯವಾದಲ್ಲಿ ಇಬ್ಬರು ಲೆಕ್ಕವನ್ನು ತಾಳೆ ನೋಡಬೇಕು.

ನಿಗಾ ಏಕೆ?

ಜೆಂಟಾಮೈಸಿನ್ ದೇಹದಿಂದ ಹೊರಹೋಗುವುದು ಮೂತ್ರಪಿಂಡಗಳ ಮೂಲಕ. ಎಳೆಗೂಸಿನಲ್ಲಿ ಅವು ಇನ್ನೂ ಪೂರ್ಣ ಬಲಿತಿರುವುದಿಲ್ಲ. ಮೂತ್ರ ಕಡಿಮೆಯಾದರೆ ಔಷಧ ರಕ್ತದಲ್ಲಿಯೇ ಉಳಿದು ಶೇಖರವಾಗುತ್ತದೆ. ಆದಕಾರಣ ವೈದ್ಯರು ಮೂತ್ರದ ಪ್ರಮಾಣವನ್ನು ಗಮನಿಸಿ, ರಕ್ತದಲ್ಲಿನ ಕ್ರಿಯಾಟಿನಿನ್ ಅಂಶವನ್ನು ಪರೀಕ್ಷಿಸುತ್ತಾರೆ. ಸೌಲಭ್ಯವಿರುವಲ್ಲಿ ಮುಂದಿನ ಚುಚ್ಚುಮದ್ದಿಗೆ ಮುನ್ನ ರಕ್ತ ತೆಗೆದು, ಉಳಿದಿರುವ ಔಷಧದ ಮಟ್ಟವನ್ನೂ ಅಳೆಯುತ್ತಾರೆ. ಮಟ್ಟ ಹೆಚ್ಚಿದ್ದರೆ ಚುಚ್ಚುಮದ್ದುಗಳ ನಡುವಣ ಅಂತರವನ್ನು ಹೆಚ್ಚಿಸುವರು. ಮೊದಲ ಚುಚ್ಚುಮದ್ದಿಗೆ ಮುಂಚೆ ತೆಗೆದ ರಕ್ತದ ಕಲ್ಚರ್ ಪರೀಕ್ಷೆಯ ಫಲಿತಾಂಶ ಬಂದ ಮೇಲೆ, ಔಷಧವನ್ನು ಮುಂದುವರಿಸಬೇಕೋ, ಬದಲಿಸಬೇಕೋ, ನಿಲ್ಲಿಸಬೇಕೋ ಎಂಬುದನ್ನು ತೀರ್ಮಾನಿಸುವರು.

ತಾಯ್ತಂದೆಯರು ಮಾಡಬೇಕಾದುದು

1. ಜನನ ತೂಕ ಬರೆದ ತಾಯಿ ಕಾರ್ಡನ್ನೂ, ಬೇರೆಡೆ ಕೊಟ್ಟ ಚುಚ್ಚುಮದ್ದಿನ ಚೀಟಿಯನ್ನೂ ತಪ್ಪದೆ ತನ್ನಿರಿ.

2. ಮಗು ದಿನಕ್ಕೆ ಎಷ್ಟು ಸಲ ಮೂತ್ರ ಮಾಡಿತೆಂದು ಲೆಕ್ಕವಿಟ್ಟು ದಾದಿಯರಿಗೆ ತಿಳಿಸಿರಿ.

3. ಜ್ವರ ಇಳಿಯಿತೆಂದು ಅರ್ಧದಲ್ಲಿಯೇ ಮನೆಗೆ ಕರೆದೊಯ್ಯಬೇಡಿರಿ. ಬೇಗ ಗುಣವಾಗಲೆಂದು ಹೆಚ್ಚಿನ ಚುಚ್ಚುಮದ್ದಿಗೂ ಒತ್ತಾಯಿಸಬೇಡಿರಿ.

4. ಮನೆಗೆ ಮರಳಿದ ಬಳಿಕ ವೈದ್ಯರು ಸೂಚಿಸಿದ ದಿನ ಮಗುವಿನ ಶ್ರವಣ ಪರೀಕ್ಷೆ ಮಾಡಿಸಿರಿ.

"ಇಂದು ಮಗುವಿನ ತೂಕವೆಷ್ಟು? ಕೊಟ್ಟ ಔಷಧವೆಷ್ಟು?" ಎಂದು ಕೇಳಲು ಸಂಕೋಚ ಬೇಡ. ಇದನ್ನು ತಿಳಿಯುವುದು ನಿಮ್ಮ ಹಕ್ಕು; ತಿಳಿಸುವುದು ನಮ್ಮ ಕರ್ತವ್ಯ.