ಇಂದಿನ ಧಮ್ಮ ಚಿಂತನೆ: ಗಗ್ಗ ಭಿಕ್ಕುವಿನ ಮರೆವು ಮತ್ತು ನಮ್ಮ ಮನೆಯ ಹಿರಿಯರು

ಇವತ್ತಿನ ಓದು ವಿನಯ ಪಿಟಕದಿಂದ, ವಿಷಯ ಮಾತ್ರ ನಮ್ಮ ಮನೆಯದು. ಸ್ವಲ್ಪ ಉದ್ದವಾಗಿದೆ. ಸಂಜೆ ಬಿಡುವಾದಾಗ ಓದಿ, ಓದಲು ಬಾರದ ಹಿರಿಯರಿದ್ದರೆ ಅವರಿಗೂ ಓದಿ ಹೇಳಿ.

"ಅರವತ್ತಕ್ಕೆ ಅರಳುಮರಳು" ಎಂಬ ಗಾದೆ ಎಲ್ಲರಿಗೂ ಗೊತ್ತು. ಕನ್ನಡ ಪಾಠ ಹೇಳುವ ನನಗೆ ಗಾದೆಗಳೆಂದರೆ ಇಷ್ಟ. ಆದರೆ ಈ ಗಾದೆಯಿಂದ ನಮಗೆ ಲಾಭಕ್ಕಿಂತ ನಷ್ಟವೇ ಹೆಚ್ಚಾಗಿದೆ. ಮುತ್ಯಾ ಒಂದೇ ಮಾತನ್ನು ಹತ್ತು ಸಲ ಕೇಳಿದರೆ "ವಯಸ್ಸಾಯಿತು ಬಿಡ್ರಿ" ಅನ್ನುತ್ತೇವೆ. ಆಯಿ ಹುಟ್ಟಿ ಬೆಳೆದ ಓಣಿಯಲ್ಲೇ ದಾರಿ ತಪ್ಪಿದರೆ ನಗುತ್ತೇವೆ. "ನನ್ನ ರೊಕ್ಕ ಸೊಸೆ ಕದ್ದಳು" ಅಂದರೆ ಜಗಳ ತೆಗೆಯುತ್ತೇವೆ. ದವಾಖಾನೆಗೆ ಕರೆದುಕೊಂಡು ಹೋಗುವವರು ಬಹಳ ಕಡಿಮೆ.

ವಯಸ್ಸಾದಂತೆ ಹೆಸರು ಬೇಗ ನೆನಪಿಗೆ ಬರದಿರುವುದು, ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು ಸಹಜ. ಕನ್ನಡಕ ಏತಕ್ಕೆ ಎಂಬುದೇ ತಿಳಿಯದಿರುವುದು ಸಹಜವಲ್ಲ. ಐವತ್ತು ವರ್ಷ ರೊಟ್ಟಿ ಬಡಿದ ಕೈಗೆ ಹಿಟ್ಟು ನಾದುವ ಕ್ರಮ ಮರೆತುಹೋಗುವುದು, ನೋಟು ಎಣಿಸಲು ಬಾರದಂತಾಗುವುದು, ಶಾಂತ ಸ್ವಭಾವದವರು ಕಾರಣವಿಲ್ಲದೆ ಸಂಶಯ ಪಡುವುದು ಕಾಯಿಲೆಯ ಸೂಚನೆ. ಇದನ್ನು ವೈದ್ಯರು ಡಿಮೆನ್ಷಿಯಾ ಅನ್ನುತ್ತಾರೆ, ಕನ್ನಡ ಪತ್ರಿಕೆಗಳಲ್ಲಿ ಮರೆಗುಳಿ ರೋಗ ಎಂದು ಬರೆಯುತ್ತಾರೆ. ಇದರಲ್ಲಿ ಹಲವು ಬಗೆ. ಹೆಚ್ಚಾಗಿ ಕಾಣುವುದು ಆಲ್ಜೈಮರ್. ಮೆದುಳಿನ ರಕ್ತನಾಳ ಕೆಟ್ಟು ಬರುವುದು ಇನ್ನೊಂದು. ಲಕ್ವಾ ಹೊಡೆದವರಲ್ಲಿ ಇದನ್ನು ನೋಡುತ್ತೇವೆ.

2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನವೊಂದರ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆ ಇದೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಹಳ್ಳಿಯ ಹೆಂಗಸು ಅಂದರೆ ಯಾರು? ನಮ್ಮ ಆಯಿಯೇ.

ಈಗ ವಿನಯ ಪಿಟಕದ ಕಥೆಗೆ ಬರೋಣ.

ಬುದ್ಧರ ಕಾಲದಲ್ಲಿ ಗಗ್ಗ ಎಂಬ ಭಿಕ್ಕು ಇದ್ದ. ಅವನ ಬುದ್ಧಿ ಸ್ಥಿಮಿತದಲ್ಲಿ ಇರಲಿಲ್ಲ. ಉಪೋಸಥದ ದಿನ ಒಮ್ಮೆ ನೆನಪಿರುತ್ತಿತ್ತು, ಒಮ್ಮೆ ಇರುತ್ತಿರಲಿಲ್ಲ. ಸಂಘದ ಸಭೆಗೆ ಒಮ್ಮೆ ಬರುತ್ತಿದ್ದ, ಒಮ್ಮೆ ಬರುತ್ತಿರಲಿಲ್ಲ. ಸಂಘ ಪೂರ್ತಿ ಸೇರದೆ ಉಪೋಸಥ ನಡೆಸುವ ಹಾಗಿಲ್ಲ ಎಂಬುದು ನಿಯಮ. ಹಾಗಾದರೆ ಗಗ್ಗನನ್ನು ಏನು ಮಾಡುವುದು? ಬುದ್ಧರು ಅವನನ್ನು ಸಂಘದಿಂದ ಹೊರಗೆ ಹಾಕಿ ಅನ್ನಲಿಲ್ಲ, ಎಳೆದುಕೊಂಡು ಬನ್ನಿ ಎಂದೂ ಅನ್ನಲಿಲ್ಲ. ಅವನ ಸಲುವಾಗಿ ಒಂದು ಸಮ್ಮತಿಯನ್ನೇ ಮಾಡಿಸಿದರು: ಗಗ್ಗನಿಗೆ ನೆನಪಿರಲಿ ಬಿಡಲಿ, ಬರಲಿ ಬಿಡಲಿ, ಸಂಘದ ಕೆಲಸ ನಡೆಯುತ್ತದೆ, ಗಗ್ಗ ಸಂಘದವನಾಗಿಯೇ ಇರುತ್ತಾನೆ.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಮುಂದೆ ಗಗ್ಗ ಗುಣವಾದ. ಆಗ ಕೆಲವು ಭಿಕ್ಕುಗಳು ಅವನ ಹಳೆಯ ತಪ್ಪುಗಳನ್ನು ಎತ್ತಿ ಆಡತೊಡಗಿದರು. "ಬುದ್ಧಿ ಕೆಟ್ಟಾಗ ಮಾಡಿದ್ದು, ನನಗೆ ನೆನಪಿಲ್ಲ" ಎಂದು ಅವನು ಹೇಳಿದರೂ ಬಿಡಲಿಲ್ಲ. ಬುದ್ಧರು ಆ ಭಿಕ್ಕುಗಳನ್ನೇ ಗದರಿದರು. ಗಗ್ಗನಿಗೆ 'ಅಮೂಳ್ಹ ವಿನಯ' ಎಂಬ ತೀರ್ಪು ಕೊಡಿಸಿದರು. ಮೂಢ ಎಂದರೆ ಬುದ್ಧಿ ಮಂಕಾದವನು. ಮಂಕು ಕಳೆದು ತಿಳಿವಳಿಕೆ ಮರಳಿದವನಿಗೆ ಸಲ್ಲುವ ನ್ಯಾಯ ಇದು. ಚಿತ್ತ ಕೆಟ್ಟಾಗ ಮಾಡಿದ ಕೆಲಸಕ್ಕೆ ಅವನು ದೋಷಿಯಲ್ಲ.

ಗಗ್ಗನಿಗೆ ಇದ್ದದ್ದು ಡಿಮೆನ್ಷಿಯಾ ಎಂದು ನಾನು ಹೇಳುತ್ತಿಲ್ಲ. ಅವನು ಪೂರ್ತಿ ಗುಣವಾದ. ಡಿಮೆನ್ಷಿಯಾವನ್ನು ಪೂರ್ತಿ ಗುಣಪಡಿಸುವ ಔಷಧಿ ಇನ್ನೂ ಬಂದಿಲ್ಲ, ಕೆಲವು ತೊಂದರೆಗಳನ್ನು ಕಡಿಮೆ ಮಾಡುವ ಮಾತ್ರೆಗಳಿವೆ ಅಷ್ಟೆ. ನಾನು ಗಮನಿಸಿದ್ದು ಆ ತೀರ್ಪನ್ನು. ನೆನಪು ಕೆಟ್ಟವರ ಮೇಲೆ ದೋಷ ಹೊರಿಸಬಾರದು, ಅವರ ಜಾಗ ಅವರಿಗೆ ಇರಬೇಕು. ಎರಡೂವರೆ ಸಾವಿರ ವರ್ಷಗಳ ಹಿಂದೆ ಸಂಘಕ್ಕೆ ಇದು ಸಾಧ್ಯವಾಯಿತು. ನಮ್ಮ ಭಾಗದಲ್ಲಿ ಇವತ್ತಿಗೂ ಇಂಥ ಹಿರಿಯರನ್ನು ಕಂಡು "ಭಾನಾಮತಿ ಮಾಡಿಸಿದ್ದಾರೆ" ಅನ್ನುವವರು ಇದ್ದಾರೆ. "ಹಿಂದಿನ ಜನ್ಮದ ಕರ್ಮ" ಅನ್ನುವವರೂ ಇದ್ದಾರೆ. ದೀಕ್ಷೆ ತೆಗೆದುಕೊಂಡ ಮನೆಯಲ್ಲಿ ಈ ಎರಡನೆಯ ಮಾತು ಕೇಳಿದಾಗ ನನಗೆ ಹೆಚ್ಚು ಬೇಸರವಾಗುತ್ತದೆ. ಹಿಂದಿನ ಜನ್ಮದ ಲೆಕ್ಕ ಹೇಳಿ ಈ ಜನ್ಮದ ಕಷ್ಟವನ್ನು ಒಪ್ಪಿಸುವ ಸಿದ್ಧಾಂತವನ್ನು ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಎಷ್ಟು ಬಲವಾಗಿ ತಿರಸ್ಕರಿಸಿದ್ದಾರೆ ಎಂಬುದನ್ನು ನಾವೆಲ್ಲ ಕೂಡಿಯೇ ಓದಿದ್ದೇವೆ.

ಇನ್ನೊಂದು ಸಣ್ಣ ಮಾತು. ಪಾಳಿಯ 'ಸತಿ' ಎಂದರೆ ಸಂಸ್ಕೃತದ 'ಸ್ಮೃತಿ', ನೆನಪು ಮತ್ತು ಎಚ್ಚರ ಎರಡೂ ಹೌದು. ಹಾಗಾಗಿ ಮರೆವು ಬಂದವರು ಧಮ್ಮದಲ್ಲಿ ಹಿಂದೆ ಬಿದ್ದರು, ಆನಾಪಾನ ಮಾಡಿದವರಿಗೆ ಈ ಕಾಯಿಲೆ ಬರುವುದೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಧ್ಯಾನ ಮನಸ್ಸಿಗೆ ಒಳ್ಳೆಯದು, ಮಾಡೋಣ. ಅದನ್ನು ನಂಬಿ ಬಿ.ಪಿ. ಮಾತ್ರೆ ಬಿಟ್ಟವರನ್ನು ಮಾತ್ರ ತಡೆಯಬೇಕು.

ಹಾಗಾದರೆ ಕಾರಣವೇನು? ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ 14 ಕಾರಣಗಳನ್ನು ಗುರುತಿಸಿದೆ. ಅವನ್ನೆಲ್ಲ ಸರಿಪಡಿಸಿದರೆ ಜಗತ್ತಿನ ಡಿಮೆನ್ಷಿಯಾ ಪ್ರಕರಣಗಳಲ್ಲಿ ಶೇ. 45ರಷ್ಟನ್ನು ತಪ್ಪಿಸಬಹುದು ಅಥವಾ ಮುಂದೂಡಬಹುದು ಎಂಬುದು ಅವರ ಅಂದಾಜು. ಆ ಪಟ್ಟಿಯಲ್ಲಿ ಬಾಲ್ಯಕ್ಕೆ ಸೇರಿದ್ದು ಒಂದೇ ಒಂದು, ಶಿಕ್ಷಣ ಸಿಗದಿರುವುದು.

ಇದನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಮುಂದೆ ಓದಲಾಗದೆ ಕೂತೆ. ಕಲಿತ ಮೆದುಳಿನಲ್ಲಿ ನರಗಳ ಸಂಪರ್ಕ ದಟ್ಟವಾಗಿರುತ್ತದೆ, ಒಂದು ದಾರಿ ಕಟ್ಟಿದರೆ ಇನ್ನೊಂದು ದಾರಿ ಇರುತ್ತದೆ, ಬ್ಯಾಂಕಿನ ಉಳಿತಾಯದ ಹಾಗೆ. ಆ ಉಳಿತಾಯದ ಖಾತೆಯನ್ನೇ ನಮ್ಮ ಹಿರಿಯರಿಗೆ ತೆರೆಯಲು ಬಿಡಲಿಲ್ಲ. ಈಗ ಎಂಬತ್ತರ ಆಸುಪಾಸಿನಲ್ಲಿರುವವರು ಹುಟ್ಟಿದಾಗ ಬೀದರ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅವರಲ್ಲಿ ಎಷ್ಟು ಜನ ಶಾಲೆಯ ಒಳಗೆ ಕೂತರು? ಅದೇ ಹೈದರಾಬಾದ್ ರಾಜ್ಯದ ಔರಂಗಾಬಾದಿನಲ್ಲಿ ಬಾಬಾಸಾಹೇಬರು 1950ರಲ್ಲಿ ಕಾಲೇಜು ತೆರೆದದ್ದು ಸುಮ್ಮನೆ ಅಲ್ಲ. ಅಕ್ಷರ ತಪ್ಪಿಸಿದ್ದರಿಂದ ನೌಕರಿ ತಪ್ಪಿತು, ಮಾನ ತಪ್ಪಿತು ಎಂದು ನಾವು ಭಾಷಣ ಮಾಡುತ್ತೇವೆ. ಮುಪ್ಪಿನಲ್ಲಿ ನೆನಪಿಗೂ ಅದರ ಪೆಟ್ಟು ಬೀಳುತ್ತದೆ ಎಂಬುದನ್ನು ಸೇರಿಸಿಕೊಳ್ಳಬೇಕು. ಹಾಗೆಂದು ಓದದವರಿಗೆಲ್ಲ ಕಾಯಿಲೆ ಬರುತ್ತದೆ ಎಂದಲ್ಲ, ಓದಿದವರಿಗೆ ಬರುವುದಿಲ್ಲ ಎಂದೂ ಅಲ್ಲ. ಅಪಾಯ ಹೆಚ್ಚು, ಅಷ್ಟೆ.

ಈ ವಿಷಯದಲ್ಲಿ ನಮ್ಮ ರಾಜ್ಯದಲ್ಲೇ ದೊಡ್ಡ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮೆದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಗಮನಿಸುವ ಗುರಿ ಇಟ್ಟುಕೊಂಡು ಅಧ್ಯಯನ ನಡೆಸುತ್ತಿದ್ದಾರೆ. ಗಮನಿಸಿ, 60 ಅಲ್ಲ, 45. ಕಾಯಿಲೆ ಹೊರಗೆ ಕಾಣುವ ಹತ್ತು ಹದಿನೈದು ವರ್ಷ ಮೊದಲೇ ಮೆದುಳಿನಲ್ಲಿ ಬದಲಾವಣೆ ಶುರುವಾಗಿರುತ್ತದೆ. ಆದ್ದರಿಂದ ಈ ಲೇಖನ ಮುತ್ಯಾನಿಗಿಂತ ನಲವತ್ತು ದಾಟಿದ ನಮಗೇ ಹೆಚ್ಚು ಬೇಕು.

ನಲವತ್ತರಿಂದಲೇ ಬಿ.ಪಿ.ಯ ಮೇಲಿನ ಅಂಕಿ 130 ದಾಟದಂತೆ ನೋಡಿಕೊಳ್ಳಿ ಎಂದು ಆಯೋಗ ಹೇಳುತ್ತದೆ. ನನಗೆ ಕೇಳಿದರೆ ನಮ್ಮ ಜಿಲ್ಲೆಯ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಬಿ.ಪಿ. ಇದ್ದರೂ ಗೊತ್ತಿಲ್ಲದವರು, ಗೊತ್ತಿದ್ದೂ ಮಾತ್ರೆ ಬಿಟ್ಟವರು ಓಣಿಗೆ ಹತ್ತು ಜನ ಸಿಗುತ್ತಾರೆ. ಸಕ್ಕರೆ ಕಾಯಿಲೆಯೂ ಹಾಗೆಯೇ. ಬಾಬಾಸಾಹೇಬರನ್ನೂ ಕಾಡಿದ ಕಾಯಿಲೆ ಅದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎರಡೂ ಪರೀಕ್ಷೆ ಉಚಿತ. ಬೀಡಿ, ಸಿಗರೇಟು ಪಟ್ಟಿಯಲ್ಲಿವೆ. ಅತಿಯಾದ ಕುಡಿತವೂ ಇದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಮದ್ಯ ಮುಟ್ಟುವುದಿಲ್ಲ ಎಂಬುದೂ ಒಂದು, ಪಂಚಶೀಲದ ಐದನೆಯದೂ ಅದೇ. ತಲೆಗೆ ಬೀಳುವ ಪೆಟ್ಟೂ ಒಂದು ಕಾರಣ. ಭಾಲ್ಕಿ ರಸ್ತೆಯಲ್ಲಿ ಹೆಲ್ಮೆಟ್ಟನ್ನು ಕನ್ನಡಿಗೆ ನೇತುಹಾಕಿಕೊಂಡು ಹೋಗುವ ನಮ್ಮ ಹುಡುಗರಿಗೆ ಇದನ್ನು ಓದಿಸಿ. ದೇಹಕ್ಕೆ ನಡಿಗೆ ಬೇಕು, ಊಟ ಹಿತಮಿತವಾಗಿರಬೇಕು. ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಾವು ಲೆಕ್ಕಕ್ಕೇ ಹಿಡಿಯದ ಎರಡು ಕಾರಣಗಳು ಕಿವಿ ಮತ್ತು ಕಣ್ಣು. ಕಿವಿ ಕೇಳದವರೊಂದಿಗೆ ಮನೆಯವರು ಮಾತು ಕಡಿಮೆ ಮಾಡುತ್ತಾರೆ. ಮಾತು ನಿಂತರೆ ಮೆದುಳಿಗೆ ಕೆಲಸವಿಲ್ಲ. "ಕಿವುಡು" ಎಂದು ಹಾಸ್ಯ ಮಾಡುವ ಬದಲು ಕಿವಿ ಪರೀಕ್ಷೆ ಮಾಡಿಸಿ. ಬಿಪಿಎಲ್ ಕುಟುಂಬದ 60 ದಾಟಿದವರಿಗೆ ಶ್ರವಣ ಯಂತ್ರ, ಕನ್ನಡಕ ಉಚಿತವಾಗಿ ಕೊಡುವ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದ ಇದೆ. ಒಂಟಿತನವೂ ಪಟ್ಟಿಯಲ್ಲಿದೆ. ಮಕ್ಕಳು ಹೈದರಾಬಾದ್, ಪುಣೆ ಸೇರಿ, ಊರಲ್ಲಿ ಒಬ್ಬರೇ ಉಳಿದ ಹಿರಿಯರನ್ನು ಭಾನುವಾರದ ವಂದನೆಗೆ ಬೈಕ್ ಮೇಲೆ ಕೂರಿಸಿಕೊಂಡು ಬರುವುದು ಅವರ ಮೆದುಳಿಗೂ ಒಳ್ಳೆಯದು.

ಇನ್ನು ಲಕ್ಷಣ ಕಂಡವರ ವಿಷಯ. ಮರೆವೆಲ್ಲ ಡಿಮೆನ್ಷಿಯಾ ಅಲ್ಲ. ಥೈರಾಯ್ಡ್ ತೊಂದರೆ, ಬಿ12 ವಿಟಮಿನ್ ಕೊರತೆ, ಖಿನ್ನತೆ, ಕೆಲವು ಮಾತ್ರೆಗಳ ಅಡ್ಡ ಪರಿಣಾಮ ಇವುಗಳಿಂದಲೂ ಮರೆವು ಬರುತ್ತದೆ, ಚಿಕಿತ್ಸೆ ಕೊಟ್ಟರೆ ಸುಧಾರಿಸುತ್ತದೆ. ರಕ್ತಪರೀಕ್ಷೆಯಿಂದ ಸರಿಹೋಗುವ ಆಯಿಯನ್ನು ಅರಳುಮರಳು ಎಂದು ಮೂಲೆಗೆ ಕೂರಿಸುವುದು ಎಂಥ ಅನ್ಯಾಯ! ಮತ್ತೊಂದು ಎಚ್ಚರ: ನಿನ್ನೆ ಸರಿ ಇದ್ದವರು ಇವತ್ತು ಏಕಾಏಕಿ ಗೊಂದಲವಾಗಿ ಮಾತಾಡಿದರೆ ಅದು ಸೋಂಕು ಅಥವಾ ಲಕ್ವಾ ಇರಬಹುದು, ಅಂದೇ ದವಾಖಾನೆಗೆ ಒಯ್ಯಬೇಕು.

ಎಲ್ಲಿಗೆ ಹೋಗುವುದು? ನಿಮ್ಹಾನ್ಸ್ ಮತ್ತು ರಾಜ್ಯ ಆರೋಗ್ಯ ಇಲಾಖೆ ಸೇರಿ 2022ರಲ್ಲಿ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮ ಆರಂಭಿಸಿದವು. ಜಿಲ್ಲಾ ಆಸ್ಪತ್ರೆಗಳಲ್ಲೇ ಮೆದುಳು ಆರೋಗ್ಯ ಕ್ಲಿನಿಕ್ ನಡೆಸುವುದು ಅದರ ಉದ್ದೇಶ. ಬೀದರಿನ ಬ್ರಿಮ್ಸ್ ಆಸ್ಪತ್ರೆಯಲ್ಲಿ ಆ ಕ್ಲಿನಿಕ್ ಬಗ್ಗೆ ಕೇಳಿ. ಇಲ್ಲವಾದರೆ ಮೆಡಿಸಿನ್ ಅಥವಾ ಮನೋರೋಗ ವಿಭಾಗದಲ್ಲಿ ತೋರಿಸಿ. ಅಷ್ಟು ದೂರ ಬರಲಾಗದ ಔರಾದ, ಭಾಲ್ಕಿಯವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಫೋನಿನಲ್ಲಿ ಸಲಹೆಗೆ ಟೆಲಿ ಮಾನಸ್ 14416, ಹಿರಿಯರ ಸಹಾಯವಾಣಿ 14567.

ಹೋದಾಗ ಎರಡು ಮಾತು ವೈದ್ಯರಿಗೆ ನೀವೇ ಹೇಳಿ. ಒಂದು, ಇವರು ಶಾಲೆಗೆ ಹೋದವರಲ್ಲ ಎಂದು. ನೆನಪಿನ ಪರೀಕ್ಷೆಯಲ್ಲಿ ಬರೆಯಿರಿ, ಲೆಕ್ಕ ಮಾಡಿ, ತಾರೀಖು ಹೇಳಿ ಎಂದರೆ ಅಕ್ಷರ ತಿಳಿಯದವರು ಆರೋಗ್ಯವಾಗಿದ್ದರೂ ತಪ್ಪುತ್ತಾರೆ. ಸಂತೆಗೆ ಹೋಗಿ ಚಿಲ್ಲರೆ ಸರಿ ತರುತ್ತಿದ್ದವರು ಈಗ ತರುತ್ತಿಲ್ಲ ಎಂಬಂಥ ಮನೆಯ ವಿವರ ಅವರಿಗೆ ಉಪಯೋಗವಾಗುತ್ತದೆ. ಇನ್ನೊಂದು, ಅವರ ಭಾಷೆ. ಔರಾದ ಕಡೆಯ ಎಷ್ಟೋ ಹಿರಿಯರು ಹುಟ್ಟು ಮರಾಠಿಗರು. ಕಾಯಿಲೆ ಬೆಳೆದಂತೆ ಆಮೇಲೆ ಕಲಿತ ಭಾಷೆ ಮೊದಲು ಜಾರಿ, ತಾಯಿಯ ಭಾಷೆ ಉಳಿಯುವುದುಂಟು. ಉತ್ತರ ಕೊಡಲಿಲ್ಲ ಎಂದು ಬರೆದುಕೊಳ್ಳುವ ಮೊದಲು ಮರಾಠಿಯಲ್ಲಿ ಕೇಳಿಸಿ.

ಮನೆಯಲ್ಲಿ ವಾದ ಬೇಡ. ತೀರಿಹೋದ ಅಣ್ಣ ಎಲ್ಲಿ ಎಂದು ಕೇಳಿದರೆ ಪ್ರತಿಸಲ ಸತ್ತ ಸುದ್ದಿ ಹೇಳಿ ಅಳಿಸುವುದರಿಂದ ಏನು ಬಂತು? ಅಣ್ಣನ ಬಗ್ಗೆ ನಾಲ್ಕು ಮಾತು ಆಡಿಸಿ. ಕಳ್ಳತನದ ಆರೋಪ ಬಂದರೆ "ಹುಡುಕೋಣ ಬಾ ಆಯಿ" ಎಂದು ಜೊತೆಗೆ ಹುಡುಕಿ. ಅದು ಸೊಸೆಯ ಮೇಲಿನ ದ್ವೇಷವಲ್ಲ, ಇಟ್ಟ ಜಾಗ ಮರೆತ ಮೆದುಳು ಕಟ್ಟಿಕೊಂಡ ಕಾರಣ. ಗಗ್ಗನ ತೀರ್ಪು ನೆನಪಿರಲಿ. ತಿಳಿವಳಿಕೆ ಇಲ್ಲದವರಿಂದ ಹೊಲದ ಕಾಗದಕ್ಕೆ, ಬ್ಯಾಂಕಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವವರು ನೆಂಟರಲ್ಲೇ ಇರುತ್ತಾರೆ, ಅಲ್ಲಿ ಕಣ್ಣಿಡಿ.

ಆರೈಕೆಯ ಭಾರವೆಲ್ಲ ಬೀಳುವುದು ಸೊಸೆ ಅಥವಾ ಮಗಳ ಮೇಲೆ. ವಿನಯದಲ್ಲೇ ಇನ್ನೊಂದು ಪ್ರಸಂಗವಿದೆ. ಆಮಶಂಕೆಯಾಗಿ ತನ್ನ ಹೊಲಸಿನಲ್ಲೇ ಬಿದ್ದಿದ್ದ ಭಿಕ್ಕುವನ್ನು ಬುದ್ಧರು ನೀರು ಹಾಕಿ, ಆನಂದ ಮೈ ತೊಳೆದು, ಇಬ್ಬರೂ ಎತ್ತಿ ಹಾಸಿಗೆಯ ಮೇಲೆ ಮಲಗಿಸಿದರು. ನೀರು ಹಾಕಿದ್ದೂ ಗಂಡಸು, ತೊಳೆದದ್ದೂ ಗಂಡಸು. ನಮ್ಮ ಮನೆಗಳ ಗಂಡಸರು ಇದನ್ನು ಎರಡು ಸಲ ಓದಬೇಕು. ಒಳ್ಳೆಯ ಆರೈಕೆ ಮಾಡುವವರ ಐದು ಗುಣಗಳನ್ನೂ ಅಲ್ಲೇ ಹೇಳಿದೆ: ಔಷಧಿ ಸಿದ್ಧಪಡಿಸಲು ಬರಬೇಕು, ಯಾವುದು ಹಿತ ಯಾವುದು ಅಹಿತ ತಿಳಿದಿರಬೇಕು, ಲಾಭಕ್ಕಲ್ಲದೆ ಮೈತ್ರಿಯಿಂದ ಮಾಡಬೇಕು, ಮಲಮೂತ್ರಕ್ಕೆ ಹೇಸಬಾರದು, ಧಮ್ಮದ ಮಾತಿನಿಂದ ರೋಗಿಗೆ ಸಮಾಧಾನ ಹೇಳಬೇಕು. ವಾರಕ್ಕೆ ಒಂದು ಮಧ್ಯಾಹ್ನವಾದರೂ ಆ ಸೊಸೆಗೆ ಬಿಡುವು ಕೊಟ್ಟು ಬೇರೆಯವರು ಕೂರಬೇಕು, ಅದು ಬಳಗದವರೇ ಆದರೂ ಸರಿ.

ಈ ಭಾನುವಾರ ವಂದನೆಗೆ ಬರುವಾಗ ನಿಮ್ಮ ಮನೆಯ ಹಿರಿಯರು ನುಂಗುವ ಮಾತ್ರೆಗಳ ಚೀಟಿ ತನ್ನಿ. ಬಿ.ಪಿ. ನೋಡುವ ಯಂತ್ರ ನಮ್ಮ ಬಳಗದವರೊಬ್ಬರು ತರುತ್ತಾರೆ, ನಲವತ್ತು ದಾಟಿದ ಎಲ್ಲರದೂ ನೋಡೋಣ. ತ್ರಿಸರಣ ಹೇಳುವಾಗ ಮಧ್ಯದಲ್ಲಿ ಮರೆಯುವ ಹಿರಿಯರ ಪಕ್ಕದಲ್ಲಿ ಒಬ್ಬ ಹುಡುಗನೋ ಹುಡುಗಿಯೋ ಕೂತು ಮೆಲ್ಲಗೆ ಮುಂದಿನ ಪದ ಹೇಳಿಕೊಡಲಿ.

ಜೈ ಭೀಮ್. ನಮೋ ಬುದ್ಧಾಯ.