ಫ್ಲೈಯಿಂಗ್ ವಿಂಗ್ ಹೇಳಿದ ಮಾತು ಕೇಳದಿದ್ದರೆ

ರೇಡಿಯೋ ನಿಯಂತ್ರಿತ ಮಾದರಿ ವಿಮಾನಗಳಲ್ಲಿ ಬಾಲವಿಲ್ಲದ, ರೆಕ್ಕೆಯೇ ಮೈಯೆಲ್ಲ ಆದದ್ದು ಫ್ಲೈಯಿಂಗ್ ವಿಂಗ್. ಮೂಗು ಏರಿಸಿ ಇಳಿಸುವುದೂ ಪಕ್ಕಕ್ಕೆ ವಾಲಿಸುವುದೂ ಅದರಲ್ಲಿ ಎರಡೇ ಪಟ್ಟಿಗಳ ಕೆಲಸ. ಅವೇ ಎಲೆವಾನ್. ವಿಮಾನ ಅಡ್ಡಾದಿಡ್ಡಿ ಹಾರಿದಾಗ ಹಲವರು ಎಲೆವಾನ್‌ಗಳ ನಡುಸ್ಥಾನ ಚೂರು ಸರಿಸುವ ಟ್ರಿಮ್ ಗುಂಡಿಗೆ ಕೈ ಹಾಕುತ್ತಾರೆ. ದಯವಿಟ್ಟು ಅದನ್ನು ಕೊನೆಗಿಟ್ಟುಕೊಳ್ಳಿ, ಮೊದಲು ತೂಕದ ಸಮತೋಲನ ನೋಡಿ.

ಹಾರಿಸುವ ಬ್ಯಾಟರಿಯನ್ನೇ ಕೂರಿಸಿ, ತಯಾರಕರು ಕೊಟ್ಟ ಗುರುತ್ವ ಕೇಂದ್ರದ ಗುರುತಿಗೆ ಎರಡೂ ಕಡೆ ಬೆರಳು ಕೊಟ್ಟು ಎತ್ತಿ. ಹಿಂಬದಿ ತೂಗಿದರೆ ಬ್ಯಾಟರಿ ಮುಂದೆ ತಳ್ಳಿ. ಬಾಲವಿರುವ ವಿಮಾನ ಸಹಿಸಿಕೊಳ್ಳುವಷ್ಟು ತಪ್ಪನ್ನು ಇದು ಸಹಿಸದು. ಕೆಲವೇ ಮಿಲಿಮೀಟರ್ ಹಿಂದಾದರೂ ಸ್ಟಿಕ್ ಮುಟ್ಟಿದೊಡನೆ ಮೂಗು ಎಗರಾಡುತ್ತದೆ. ಸಂದೇಹವಿದ್ದರೆ ತೂಕ ಸ್ವಲ್ಪ ಮುಂದೆಯೇ ಇರಲಿ: ಮೂಗು ಭಾರವಾದ ವಿಮಾನ ಮಂದವಾಗಿ ಹಾರುತ್ತದೆ, ಹಿಂದೆ ಭಾರವಾದದ್ದು ಹಿಡಿತಕ್ಕೇ ಸಿಗುವುದಿಲ್ಲ.

ಈಗ ಪ್ರೊಪೆಲ್ಲರ್ ಬಿಚ್ಚಿಟ್ಟು ವಿಮಾನದ ಹಿಂದೆ ನಿಲ್ಲಿ. ಎಲಿವೇಟರ್ ಸ್ಟಿಕ್ ಹಿಂದಕ್ಕೆಳೆದರೆ ಎರಡೂ ಎಲೆವಾನ್ ಮೇಲೇಳಬೇಕು. ಏಲರಾನ್ ಸ್ಟಿಕ್ ಬಲಕ್ಕೆ ತಳ್ಳಿದರೆ ಬಲದ್ದು ಮೇಲೆ, ಎಡದ್ದು ಕೆಳಗೆ. ಒಂದು ಸ್ಟಿಕ್‌ಗೆ ಒಂದೇ ಎಲೆವಾನ್ ಅಲುಗಿದರೆ ಟ್ರಾನ್ಸ್‌ಮಿಟರಿನಲ್ಲಿ ಎಲೆವಾನ್ ಮಿಕ್ಸ್ ಹಾಕಿಲ್ಲ ಎಂದರ್ಥ. ಕೆಲವು ಸೆಟ್‌ಗಳಲ್ಲಿ ಇದಕ್ಕೆ ಡೆಲ್ಟಾ ಎಂದಿರುತ್ತದೆ. ಹಿಂದಕ್ಕೆಳೆದಾಗ ಒಂದು ಮೇಲೆ ಒಂದು ಕೆಳಗೆ ಹೋದರೆ ಯಾವುದಾದರೂ ಒಂದು ಸರ್ವೋವನ್ನು (ಎಲೆವಾನ್ ಅಲುಗಿಸುವ ಪುಟ್ಟ ಮೋಟಾರು) ಟ್ರಾನ್ಸ್‌ಮಿಟರಿನಲ್ಲಿ ರಿವರ್ಸ್ ಮಾಡಿ. ಏರಿಳಿತ ಸರಿಯಿದ್ದು ವಾಲಿಕೆ ಮಾತ್ರ ತಿರುವುಮುರುವಾದರೆ ರಿಸೀವರಿನಲ್ಲಿ ಎರಡು ಸರ್ವೋ ತಂತಿಗಳನ್ನು ಅದಲುಬದಲು ಮಾಡಿ. ಎರಡೂ ತಿರುವುಮುರುವಾದರೆ ಎರಡೂ ಸರ್ವೋ ರಿವರ್ಸ್ ಮಾಡಿ. ಏನು ಬದಲಿಸಿದರೂ ಎರಡೂ ಸ್ಟಿಕ್‌ಗಳನ್ನು ಮತ್ತೆ ಆಡಿಸಿ ನೋಡಲೇಬೇಕು.

ಸ್ಟಿಕ್ ನಡುವಿನಲ್ಲಿದ್ದಾಗ ಎರಡೂ ಎಲೆವಾನ್‌ಗಳ ಹಿಂದಿನ ಅಂಚು ಸಮವಾಗಿ ಎರಡು ಮೂರು ಮಿಲಿಮೀಟರ್ ಮೇಲಿರಲಿ. ಇದಿಲ್ಲದೆ ಕೈಯಿಂದ ಎಸೆದು ಹಾರಿಸಿದ ವಿಮಾನ ಮೂಗು ಕುಕ್ಕಿ ಬೀಳುತ್ತದೆ. ಪುಷ್‌ರಾಡ್, ಹಾರ್ನ್, ಹಿಂಜ್ ಲೊಡಲೊಡ ಎಂದರೆ ಹಾರಿಸಬೇಡಿ. ವೇಗದಲ್ಲಿ ಎಲೆವಾನ್ ಅದುರಿ ಕಿತ್ತುಬರಬಹುದು.

ಎಸೆದೊಡನೆ ಎಡಕ್ಕೆ ವಾಲುತ್ತದೆಯೇ? ಹಿಂದಿನಿಂದ ನೋಡಿದಾಗ ಪ್ರೊಪೆಲ್ಲರ್ ಪ್ರದಕ್ಷಿಣವಾಗಿ ತಿರುಗುತ್ತಿದ್ದರೆ ಅದು ಮೋಟಾರಿನ ತಿರುಚುಬಲ. ಪೂರ್ತಿ ಥ್ರಾಟಲ್ ಬಿಟ್ಟು ಅರ್ಧಕ್ಕಿಂತ ಸ್ವಲ್ಪ ಹೆಚ್ಚಿಟ್ಟು ಜೋರಾಗಿ ಎಸೆಯಿರಿ.

ಆಗಾಗ ಮಾತ್ರ ಕೈಕೊಡುವ ದೋಷಕ್ಕೆ ವಿದ್ಯುತ್ತೇ ಹೆಚ್ಚಾಗಿ ಕಾರಣ. ಪ್ರೊಪೆಲ್ಲರ್ ಹಾಕಿ, ಇನ್ನೊಬ್ಬರು ಅದಕ್ಕೆ ದೂರವಾಗಿ ನಿಂತು ವಿಮಾನವನ್ನು ಬಿಗಿಯಾಗಿ ಹಿಡಿದಿರಲಿ. ಪೂರ್ತಿ ಥ್ರಾಟಲ್ ಕೊಟ್ಟು ಎಲೆವಾನ್‌ಗಳನ್ನು ಆಡಿಸಿ. ಸರ್ವೋ ತಡವರಿಸಿದರೆ ರಿಸೀವರಿಗೂ ಸರ್ವೋಗಳಿಗೂ ವಿದ್ಯುತ್ ಕೊಡುವ ಬಿಇಸಿ ಸೋಲುತ್ತಿದೆ ಅಥವಾ ಬ್ಯಾಟರಿ ಸೊರಗಿದೆ. ರಿಸೀವರಿನ ಆಂಟೆನಾ ಕಾರ್ಬನ್ ಕಡ್ಡಿಗೂ ಮೋಟಾರ್ ತಂತಿಗೂ ದೂರವಿರಲಿ. ರೇಡಿಯೋ ಎಷ್ಟು ದೂರ ತಲುಪುತ್ತದೆಂದು ನೋಡುವ ರೇಂಜ್ ಚೆಕ್ ಮಾಡದೆ ಎಸೆಯಬೇಡಿ.

ಟ್ರಿಮ್ ಇಷ್ಟಾದ ಮೇಲೆ, ಹಾರಾಟದಲ್ಲಿ ಮಾಡಿ. ಇಳಿಸಿದ ನಂತರ ಆ ಟ್ರಿಮ್ಮನ್ನು ಪುಷ್‌ರಾಡಿನ ಉದ್ದಕ್ಕೆ ವರ್ಗಾಯಿಸಿ, ಗುಂಡಿಯನ್ನು ಮತ್ತೆ ನಡುವಿಗೆ ತನ್ನಿ.